ಓದಿಸಿಕೊಳ್ಳಲು ಹೊರಟ ಬೋಗುಣಿ

ನಿಶಾಪುರದ ಒಂದು ಮನೆಯಲ್ಲಿ ಬಿಳಿಯ ಬೋಗುಣಿಯೊಂದಿತ್ತು. ಅದರ ಒಳತಳದಲ್ಲಿ ಕುಂಬಾರ ಕಪ್ಪು ಬಣ್ಣದಿಂದ "ಸಂಕೋಚವಿಲ್ಲದೆ ಉಣ್ಣಿ" ಎಂದು ಚೆಂದವಾಗಿ ಬರೆದಿದ್ದ. ಸೌಟು ಸಾರು ಬಡಿಸಲು ಬಂದಾಗಲೆಲ್ಲ ಬೋಗುಣಿಗೆ ಸಿಟ್ಟು.

"ದಿನಾ ನನ್ನ ಅಕ್ಷರಗಳನ್ನು ಮುಳುಗಿಸುತ್ತೀಯೆ. ಇವತ್ತು ಅತಿಥಿ ಓದುವ ತನಕ ದೂರ ನಿಲ್ಲು," ಎಂದಿತು.

"ಹಾಗೇ ಆಗಲಿ," ಎಂದು ಸೌಟು ಸಾರಿನ ಪಾತ್ರೆಯಲ್ಲೇ ಉಳಿಯಿತು.

ಅಂದು ಊಟಕ್ಕೆ ಬಂದವನು ಹತ್ತಿ ಹಿಂಜುವ ಯಾಕೂಬ. ದೂರದಿಂದ ನಡೆದು ಬಂದು ಹಸಿದಿದ್ದ. ಮುಂದಿಟ್ಟ ಖಾಲಿ ಬೋಗುಣಿಯಲ್ಲಿ ಬರಹ ಓದಿದ್ದೇ ಅವನ ಮುಖ ಕೆಂಪಾಯಿತು. "ಹಸಿದವನನ್ನು ಹೀಗೂ ಗೇಲಿ ಮಾಡುತ್ತಾರೆಯೇ?" ಎಂದು ಎದ್ದು ನಿಂತ.

ಬೋಗುಣಿಗೆ ಗಾಬರಿಯಾಯಿತು. "ಸೌಟಣ್ಣ, ಬೇಗ ಬಾ. ಈ ಮನೆಯ ಮಾನ ಉಳಿಸು."

ಸೌಟು ಬಿಸಿ ಸಾರು ಸುರಿಯಿತು. ಯಾಕೂಬ ಮತ್ತೆ ಕೂತು, ರೊಟ್ಟಿ ಅದ್ದಿ ಅದ್ದಿ ತಿಂದ. ತಳ ಕಂಡಾಗ ಅದೇ ಮಾತು ಇನ್ನೊಮ್ಮೆ ಕಣ್ಣಿಗೆ ಬಿತ್ತು. ಈ ಸಲ ನಗು ಬಂತು. "ಇಷ್ಟು ಹೇಳಿದ ಮೇಲೆ ಬೇಡ ಎನ್ನುವುದು ಹೇಗೆ?" ಎಂದು ಬೋಗುಣಿಯನ್ನು ಸೌಟಿನತ್ತ ಚಾಚಿದ.

"ಮತ್ತೆ ಮುಳುಗಿಸಲೇ?" ಎಂದು ಸೌಟು ಕೇಳಿತು.

"ಕಂಠಪೂರ್ತಿ ಮುಳುಗಿಸಣ್ಣ," ಎಂದಿತು ಬೋಗುಣಿ.