ಹಗ್ಗ ಕಡಿಯುವಷ್ಟು ಹೊತ್ತು

“ಗುರುಗಳೇ, ಕಡಲ್ಗಳ್ಳನ ಕೈಯಲ್ಲೂ ಆಯುಧ ಇರುತ್ತದೆ, ಕಡಲು ಕಾಯುವವನ ಕೈಯಲ್ಲೂ ಆಯುಧ ಇರುತ್ತದೆ. ಇಬ್ಬರೂ ಹೋಗುವ ದೋಣಿಯನ್ನು ತಡೆದು ನಿಲ್ಲಿಸುವವರೇ. ಹಾಗಾದರೆ ಇಬ್ಬರಿಗೂ ಏನು ವ್ಯತ್ಯಾಸ?”

ಹೀಗೆ ಕೇಳಿದವನು ದಾಮೋದರನೆಂಬ ಶಿಷ್ಯ. ಅವನು ಕರಾವಳಿಯ ಮೀನುಗಾರರ ಮನೆಯಿಂದ ಆಶ್ರಮಕ್ಕೆ ಬಂದವನು. ಅವನ ತಮ್ಮ ಮಂಕಾಳ ಆಗತಾನೆ ಕಡಲ ಪಡೆಗೆ ಆಯ್ಕೆಯಾಗಿದ್ದ. ಕೆಲಸಕ್ಕೆ ಹೊರಡುವ ಮೊದಲು ಅಣ್ಣನ ಆಶೀರ್ವಾದ ಪಡೆಯಲು ಮರುದಿನ ಬರುವವನಿದ್ದ.

ದಾಮೋದರ ಮುಂದುವರಿದ. “ನಾನು ಈಗಲೇ ಭಿಕ್ಷೆಗೆ ಆಚೆ ಊರಿಗೆ ಹೊರಟು ನಾಳೆ ಅಲ್ಲೇ ಇರುತ್ತೇನೆ, ಅಪ್ಪಣೆ ಕೊಡಿ. ಹಿಂಸೆ ಬೇಡವೆಂದು ಇಲ್ಲಿಗೆ ಬಂದವನು ನಾನು. ಆಯುಧ ಹಿಡಿಯಲು ಹೊರಟವನನ್ನು ಯಾವ ಬಾಯಿಂದ ಹರಸಲಿ?”

ಗುರುಗಳು ನಕ್ಕರು. “ಭಲೆ! ಇಷ್ಟು ದಿನ ಭಿಕ್ಷೆಗೆ ಹೋಗು ಎಂದರೆ ಕಾಲು ನೋವು ಎನ್ನುತ್ತಿದ್ದೆ. ತಮ್ಮ ಬರುತ್ತಾನೆಂದ ಕೂಡಲೇ ಕಾಲು ನೆಟ್ಟಗಾಯಿತು. ಜೋಳಿಗೆ ಕೆಳಗಿಡು. ಒಂದು ಕತೆ ಕೇಳಿ ಆಮೇಲೆ ಹೋಗು.”

ಅವರು ಹೇಳಿದ ಕತೆ ಇದು.

ಒಂದು ಬಂದರಿತ್ತು. ಅಲ್ಲಿ ಉಪ್ಪಿನ ದೋಣಿಗಳೂ ಅಕ್ಕಿಯ ದೋಣಿಗಳೂ ಓಡಾಡುತ್ತಿದ್ದವು. ಬೆಲ್ಲ ಇದ್ದಲ್ಲಿ ಇರುವೆ ಬಾರದೆ ಇರುತ್ತದೆಯೇ? ಅವುಗಳ ಹಿಂದೆ ಕಡಲ್ಗಳ್ಳರೂ ಬಂದರು. ಅವರು ಸರಕು ದೋಚಿ, ಜನರನ್ನು ಕೊಂದು, ದೋಣಿಯನ್ನು ಮುಳುಗಿಸಿ ಹೋಗುತ್ತಿದ್ದರು. ಹೋದವರು ಏನಾದರೆಂದು ದಡದಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಹೆಂಗಸರು ಕೈಯ ಬಳೆ ತೆಗೆಯಬೇಕೋ ಇಟ್ಟುಕೊಳ್ಳಬೇಕೋ ಗೊತ್ತಾಗದೆ ವರ್ಷಗಟ್ಟಲೆ ದಾರಿ ನೋಡುತ್ತಿದ್ದರು.

ಆ ಸೀಮೆಯ ಅರಸ ಒಂದು ಕಾವಲು ಹಡಗು ಕಟ್ಟಿಸಿದ. ಅದಕ್ಕೆ ಆಳುಗಳನ್ನು ಸೇರಿಸಿಕೊಳ್ಳಲು ವರ್ಷಕ್ಕೊಂದು ದಿನ ಗೊತ್ತು ಮಾಡಿದ. ಸುಗ್ಗಿಯ ಹುಣ್ಣಿಮೆಯ ದಿನ ಮನಸ್ಸಿದ್ದವರು ತಾವಾಗಿ ಬಂದು, ಸೊಂಟದ ಮಟ್ಟದ ನೀರಿಗಿಳಿದು ಆಣೆ ಮಾಡಬೇಕು. ಯಾರನ್ನೂ ಎಳೆದು ತರುವಂತಿರಲಿಲ್ಲ. ಆಣೆ ಮಾಡುವಾಗ ಕಡಲಿಗೆ ಬೆನ್ನು ಹಾಕಿ ಊರಿಗೆ ಮುಖ ಮಾಡಿ ನಿಲ್ಲಬೇಕಿತ್ತು.

ಆಣೆಯ ಮಾತು ಹೀಗಿತ್ತು: ‘ಶಂಖ ಊದದೆ ಈಟಿ ಎತ್ತೆನು. ಹಾಯಿ ಇಳಿಸಿದವನ ಮೇಲೆ ಕೈ ಮಾಡೆನು. ಕಡಲಲ್ಲಿ ಮಾಡಿದ್ದನ್ನು ದಡದಲ್ಲಿ ಹೇಳುವೆನು.’ ಕಾವಲು ಹಡಗಿನಿಂದ ಶಂಖ ಕೇಳಿಸಿದರೆ ಎದುರಿನ ದೋಣಿ ಹಾಯಿ ಇಳಿಸಿ ನಿಲ್ಲಬೇಕು. ನಿಲ್ಲದಿದ್ದರೆ ಬಲ ಬಳಸಬಹುದು. ಅದು ಆ ಕಡಲಿನ ಕಟ್ಟಳೆ. ಹಾಗಾಗಿ ಮೊದಲಿನ ಎರಡು ಮಾತನ್ನು ಎಲ್ಲರೂ ಎದೆಯುಬ್ಬಿಸಿ ಹೇಳುತ್ತಿದ್ದರು. ಕೊನೆಯದು ಎಲೆಯ ತುದಿಗೆ ಬಡಿಸಿದ ಉಪ್ಪಿನ ಹಾಗೆ. ಎಲ್ಲರ ಎಲೆಗೂ ಬೀಳುತ್ತದೆ, ಯಾರೂ ಅದರ ಕಡೆ ನೋಡುವುದಿಲ್ಲ.

ಆ ಹಡಗನ್ನು ನಡೆಸುವವನು ಒಬ್ಬ ತಾಂಡೇಲ. ಅವನನ್ನು ಹೊಗಳಲು ನನಗೆ ಸಂಕೋಚವಿಲ್ಲ. ತಡೆದು ನಿಲ್ಲಿಸಿದ ದೋಣಿಯಿಂದ ಅವನು ಒಂದು ಮೀನನ್ನೂ ಮುಟ್ಟಿದವನಲ್ಲ. ಒಮ್ಮೆ ಕಳ್ಳರ ಹಡಗೊಂದು ಅವನ ಕೈಗೆ ಸಿಕ್ಕಿತು. ಇನ್ನೇನು ಮೇಲೆ ಬೀಳಬೇಕು ಎನ್ನುವಾಗ ಅವರು ಹಾಯಿ ಇಳಿಸಿಬಿಟ್ಟರು. ಅಣ್ಣತಮ್ಮಂದಿರನ್ನು ಕಳೆದುಕೊಂಡಿದ್ದ ಆಳುಗಳು ಹಲ್ಲು ಕಡಿದರು. ತಾಂಡೇಲ ಎಲ್ಲರ ಈಟಿ ಕೆಳಗಿಡಿಸಿದ. ಕಳ್ಳರ ಕೈ ಕಟ್ಟಿ ತಂದು ಅರಸನ ಮುಂದೆ ನಿಲ್ಲಿಸಿದ. ಕೊಲ್ಲುವ ಶಕ್ತಿ ಇದ್ದೂ ಕೈ ತಡೆದವನ ಮುಂದೆ ನನ್ನ ನಿನ್ನ ಅಹಿಂಸೆ ಯಾವ ಮಹಾ? ನಮಗೆ ಸೊಳ್ಳೆ ಹೊಡೆಯುವುದಕ್ಕೂ ಕೈ ಸಾಗುವುದಿಲ್ಲ, ಅಷ್ಟೆ.

ಕಳ್ಳರೂ ದಡ್ಡರಲ್ಲ. ಅವರು ಹೊಸ ಉಪಾಯ ಹೂಡಿದರು. ಮಂಜು ಕವಿದ ಮುಂಜಾನೆ ಉಪ್ಪಿನ ದೋಣಿಯಲ್ಲಿ ಕುಳಿತು, ಶಂಖ ಕೇಳಿಸದವರಂತೆ ಹತ್ತಿರ ಬಂದು, ಕಾವಲಿನವರ ಮೇಲೆ ಕತ್ತಿ ಬೀಸುತ್ತಿದ್ದರು. ಹಾಗೆ ಕಾವಲಿನ ಕೆಲವರು ಸತ್ತರು.

ಸುಗ್ಗಿಯ ಹುಣ್ಣಿಮೆಗೆ ಒಂದು ದಿನ ಮೊದಲು ಅಂಥದೇ ಮಂಜು ಬಿದ್ದಿತ್ತು. ಉಪ್ಪಿನ ದೋಣಿಯೊಂದು ನೇರವಾಗಿ ಕಾವಲು ಹಡಗಿನ ಕಡೆಗೆ ಬಂತು. ಶಂಖ ಊದಿದರು. ಹಾಯಿ ಇಳಿಯಲಿಲ್ಲ. ಮತ್ತೆ ಊದಿದರು. ದೋಣಿ ಇನ್ನೂ ಹತ್ತಿರವಾಯಿತು. ಹಾಯಿ ಕಟ್ಟುವ ಕೂವೆಮರದ ಬುಡದಲ್ಲಿ ಒಬ್ಬ ಎದ್ದು ನಿಂತದ್ದು ಮಸುಕಾಗಿ ಕಂಡಿತು. ಅವನು ಕೈಯೆತ್ತಿದ. ಕೈಯಲ್ಲಿ ಕತ್ತಿ ಇತ್ತು. ತಾಂಡೇಲ ಈಟಿ ಎಸೆದ. ಅವನ ಗುರಿ ಎಂದೂ ತಪ್ಪಿದ್ದಲ್ಲ, ಅಂದೂ ತಪ್ಪಲಿಲ್ಲ.

ತಾಂಡೇಲ ಆ ದೋಣಿಗೆ ಹಾರಿ ನೋಡಿದ. ದೋಣಿಯಲ್ಲಿ ಉಪ್ಪಿತ್ತು, ಸತ್ತವನೊಬ್ಬನಿದ್ದ, ಬೇರೆ ಯಾರೂ ಇರಲಿಲ್ಲ. ಹಾಯಿಗೆ ಕಟ್ಟಿದ್ದು ಹೊಸ ನಾರಿನ ಹಗ್ಗ. ಇಬ್ಬನಿಗೆ ನೆನೆದು ಊದಿಕೊಂಡು ಅದು ಕೂವೆಮರದ ತುದಿಯ ತೂತಿನಲ್ಲಿ ಸಿಕ್ಕಿಬಿದ್ದಿತ್ತು. ಎಳೆದರೆ ಜಗ್ಗುವಂತಿರಲಿಲ್ಲ. ಕೆಳಗೆ ಅದೇ ಹಗ್ಗದಲ್ಲಿ ಕತ್ತಿಯ ಕಚ್ಚು ಬಿದ್ದಿತ್ತು. ಅರ್ಧ ಕಡಿದಿತ್ತು, ಅರ್ಧ ಉಳಿದಿತ್ತು. ಆ ಮನುಷ್ಯ ಹಗ್ಗ ಕಡಿದಾದರೂ ಹಾಯಿ ಇಳಿಸಲು ಮತ್ತೊಮ್ಮೆ ಕತ್ತಿ ಎತ್ತಿದ್ದ.

ಈ ಕತೆಯಲ್ಲಿ ನಾನು ಅರಸನ ಹೆಸರು ಹೇಳಲಿಲ್ಲ, ತಾಂಡೇಲನ ಹೆಸರೂ ಹೇಳಲಿಲ್ಲ. ಸತ್ತವನ ಹೆಸರು ಮಾತ್ರ ಹೇಳುತ್ತೇನೆ. ಅವನ ಹೆಸರು ಬೀರ. ಬಂದರಿನ ಪಕ್ಕದಲ್ಲಿ ಉಪ್ಪು ಬೆಳೆಯುವ ಉಪ್ಪಿನಾಗರದಲ್ಲಿ ತಾಯಿಗೂ ತಮ್ಮನಿಗೂ ಅವನೇ ಆಸರೆಯಾಗಿದ್ದ.

ಹಡಗಿನಲ್ಲಿ ಎಲ್ಲರೂ ಗರಬಡಿದವರಂತೆ ನಿಂತರು. ಹಿರಿಯ ಆಳೊಬ್ಬ ಮೆಲ್ಲಗೆ ಹೇಳಿದ, “ತಾಂಡೇಲರೇ, ಕಲ್ಲು ಕಟ್ಟಿ ಇಳಿಸಿಬಿಡುವಾ. ಕಡಲು ವರ್ಷಾ ಎಷ್ಟು ದೋಣಿ ನುಂಗ್ತದೆ. ನಾವಂತೂ ಬಾಯಿ ಬಿಡೂದಿಲ್ಲ.”

ತಾಂಡೇಲ ತನ್ನ ಹೊದಿಕೆಯನ್ನು ಬೀರನ ಮೇಲೆ ಹೊದಿಸಿದ. ಉಪ್ಪಿನ ದೋಣಿಯನ್ನು ಹಡಗಿನ ಹಿಂದೆ ಕಟ್ಟಿಸಿ ಬಂದರಿಗೆ ತಿರುಗಿಸಿದ.

ಬಂದರಿನಲ್ಲಿ ಅವನಿಗೆ ಮೊದಲು ಎದುರಾದವನು ಪಾರುಪತ್ಯಗಾರ. ಅರಸನ ಪರವಾಗಿ ಬಂದರನ್ನು ನೋಡಿಕೊಳ್ಳುವ ಅಧಿಕಾರಿ ಅವನು. ಹೊದಿಕೆ ಸರಿಸಿ ನೋಡಿದ, ಹಗ್ಗ ನೋಡಿದ, ಎಲ್ಲ ತಿಳಿದುಕೊಂಡ. ಅವನು ಕೆಟ್ಟವನೆಂದು ತಿಳಿಯಬೇಡ. ಅವನಿಗೂ ಊರಿನ ಚಿಂತೆಯೇ ಇತ್ತು.

“ನೋಡು, ನಾಳೆ ಆಳು ಸೇರಿಸುವ ದಿನ,” ಎಂದ ಅವನು. “ಕಳ್ಳರು ತೆಂಕಣ ದಿಕ್ಕಿನಲ್ಲಿ ಮತ್ತೆ ಗುಂಪು ಕಟ್ಟಿದ್ದಾರೆ. ಕಾವಲಿನ ಈಟಿ ನಿರಪರಾಧಿಯನ್ನು ಕೊಂದಿತು ಅಂತ ಸುದ್ದಿಯಾದರೆ ಒಬ್ಬ ಹುಡುಗನೂ ನೀರಿಗಿಳಿಯುವುದಿಲ್ಲ. ಆಳಿಲ್ಲದೆ ಹಡಗಿಲ್ಲ, ಹಡಗಿಲ್ಲದೆ ಈ ಬಂದರಿಲ್ಲ. ನೀನು ಶಂಖ ಊದಿಸಿದ್ದೀಯ, ಅವನು ಹಾಯಿ ಇಳಿಸಲಿಲ್ಲ. ಕಟ್ಟಳೆ ನಿನ್ನ ಕಡೆಗಿದೆ. ಇವನೊಬ್ಬ ಕಳ್ಳ ಅನ್ನು, ಮುಗಿಯಿತು.”

ತಾಂಡೇಲ ಹೇಳಿದ, “ಒಡೆಯರೇ, ಇವನನ್ನು ಕಳ್ಳ ಅಂದರೆ ಇವನ ತಾಯಿ ಕಳ್ಳನ ತಾಯಿ ಆಗ್ತಾಳೆ, ತಮ್ಮ ಕಳ್ಳನ ತಮ್ಮ ಆಗ್ತಾನೆ. ಒಂದು ಈಟಿಯಲ್ಲಿ ನಾನು ಎಷ್ಟು ಜನರನ್ನು ಕೊಲ್ಲಲಿ?”

ತಾಂಡೇಲ ಬೀರನನ್ನು ತನ್ನ ಹೆಗಲ ಮೇಲೆ ಹೊತ್ತು ಉಪ್ಪಿನಾಗರಕ್ಕೆ ನಡೆದ. ತಾಯಿಯ ಅಂಗಳದಲ್ಲಿ ಇಳಿಸಿದ. ‘ನಾನು ಕೊಂದೆ, ನಾಳೆ ಎಲ್ಲರೆದುರು ಹೇಳುತ್ತೇನೆ’ ಎಂದಷ್ಟೇ ಹೇಳಿದ. ಅವಳ ಅಳು ಕೇಳುತ್ತ ಬೇಲಿಯ ಹೊರಗೆ ನಿಂತಿದ್ದ. ಚಿತೆಗೆ ಸೌದೆ ಹೊರಲು ಹೋದಾಗ ಊರವರು ಬೇಡವೆಂದರು. ಅದನ್ನೂ ಸಹಿಸಿಕೊಂಡ.

ಮರುದಿನ ಹುಣ್ಣಿಮೆ. ಊರೆಲ್ಲ ಮರಳ ಮೇಲೆ ನೆರೆಯಿತು. ಅರಸನೂ ಬಂದು ಕುಳಿತ. ತಾಂಡೇಲ ಆಣೆ ಮಾಡುವ ಜಾಗಕ್ಕೆ ನೀರಿಗಿಳಿದ. ಕಡಲಿಗೆ ಬೆನ್ನು ಹಾಕಿ ಊರಿಗೆ ಮುಖ ಮಾಡಿ ನಿಂತ. ಮಂಜು, ಶಂಖ, ಕತ್ತಿ, ಹಗ್ಗ, ಒಂದನ್ನೂ ಬಿಡದೆ ಹೇಳಿದ. ‘ಕಟ್ಟಳೆಯಲ್ಲಿ ತಪ್ಪಿಲ್ಲ. ಆದರೆ ಒಂದು ಹಗ್ಗ ಕಡಿಯುವಷ್ಟು ಹೊತ್ತು ನಾನು ಕಾಯಲಿಲ್ಲ. ಬೀರ ಕಳ್ಳನಲ್ಲ’ ಎಂದು ಕೂಗಿ ಹೇಳಿದ. ಎಂಥ ಎದೆ ಬೇಕು ಅದಕ್ಕೆ! ಕಳ್ಳರ ಕತ್ತಿಗೆ ಎದುರು ನಿಲ್ಲುವವರು ಸಿಗುತ್ತಾರೆ. ತನ್ನ ಊರಿನ ಕಣ್ಣಿಗೆ ಎದುರು ನಿಲ್ಲುವವರು ಎಷ್ಟು ಮಂದಿ?

ಬೀರನ ತಾಯಿ ನೀರಿನ ಅಂಚಿಗೆ ಬಂದಳು. ಅವಳ ಕೈಯಲ್ಲಿ ಬಳೆಗಳಿದ್ದವು. ಅವಳ ಗಂಡ ಕಡಲಿಗೆ ಹೋಗಿ ಎಷ್ಟೋ ವರ್ಷವಾಗಿತ್ತು. ಕಳ್ಳರು ಕೊಂದರೆಂದು ಊರು ಹೇಳುತ್ತಿತ್ತು. ಕಂಡವರು ಯಾರೂ ಇರಲಿಲ್ಲ.

“ನೀ ಹೇಳದೆ ಇದ್ರೆ ನಂಗೆ ಗೊತ್ತಾಗ್ತಿತ್ತಾ?” ಎಂದು ಕೇಳಿದಳು.

“ಇಲ್ಲ, ಅವ್ವಾ.”

“ಮತ್ತೆ ಎಂತಕ್ಕೆ ಹೇಳ್ದೆ?”

“ಹೇಳದೆ ಇದ್ದರೆ ನೀನು ದಿನಾ ದಡಕ್ಕೆ ಬಂದು ಮಗನ ದಾರಿ ನೋಡ್ತಿದ್ದೆ. ನಾನು ದಿನಾ ನಿನ್ನ ಕಣ್ಣೆದುರೇ ಹಡಗು ಹತ್ತಬೇಕಿತ್ತು.”

ಅವಳು ಬಗ್ಗಿ ಹಿಡಿ ಮರಳು ತೆಗೆದು ಅವನ ಮುಖಕ್ಕೆ ತೂರಿದಳು. ಅವನು ಒರೆಸಿಕೊಳ್ಳಲಿಲ್ಲ. ಅವಳು ಅವನನ್ನು ಕ್ಷಮಿಸಿದಳು ಎಂದರೆ ನಿನಗೆ ಕತೆ ರುಚಿಸುತ್ತದೆ. ಆದರೆ ಅವಳು ಕ್ಷಮಿಸಲಿಲ್ಲ. ಏಕೆ ಕ್ಷಮಿಸಬೇಕು?

ಆಮೇಲೆ ಪಾರುಪತ್ಯಗಾರ ಪದ್ಧತಿಯಂತೆ ಕೂಗಿದ, ‘ಕಾವಲಿಗೆ ಸೇರುವವರು ಬನ್ನಿ.’ ಯಾರೂ ಅಲುಗಲಿಲ್ಲ. ಅವನು ಹೆದರಿದ್ದೇ ಆಯಿತು. ಮತ್ತೆ ಕೂಗಿದಾಗ ಅವನ ದನಿ ಉಡುಗಿಹೋಗಿತ್ತು.

ಗುಂಪಿನಿಂದ ಒಬ್ಬ ಹೊರಬಂದು ನೀರಿಗಿಳಿದ. ಅವನು ಬೀರನ ತಮ್ಮ ಸುಕ್ರು. ನೇರವಾಗಿ ತಾಂಡೇಲನ ಕಡೆಗೆ ನಡೆದ. ಸೇಡು ತೀರಿಸಿಕೊಳ್ಳಲು ಹೊರಟನೆಂದು ಎಲ್ಲರೂ ತಿಳಿದರು. ತಾಂಡೇಲ ಎರಡೂ ಕೈ ಇಳಿಬಿಟ್ಟು ನಿಂತ. ಸುಕ್ರು ಅವನ ಪಕ್ಕಕ್ಕೆ ಹೋಗಿ ನಿಂತು, ಕಡಲಿಗೆ ಬೆನ್ನು ಹಾಕಿ ದಡದ ಕಡೆಗೆ ತಿರುಗಿದ.

“ಅಬ್ಬಬ್ಬಾ, ನೀನೇ?” ಎಂದ ಪಾರುಪತ್ಯಗಾರ. “ನಿನ್ನಣ್ಣನನ್ನು ಕೊಂದ ಹಡಗು ಇದು.”

“ಅಪ್ಪನ್ನ ಕಳ್ಳರು ಕೊಂದ್ರು. ಹೇಳೂಕೆ ಯಾರೂ ಬರ್ಲಿಲ್ಲ,” ಎಂದ ಸುಕ್ರು. “ಅಣ್ಣನ್ನ ಇವ ಕೊಂದ. ಹೊತ್ಕಂಡು ಮನೆಗೆ ತಂದ. ನಾ ಈ ಹಡಗಿಗೇ ಸೇರ್ತೆ.”

ಅವನು ಆಣೆಯನ್ನು ಕೊನೆಯಿಂದ ಶುರು ಮಾಡಿದ. ‘ಕಡಲಲ್ಲಿ ಮಾಡಿದ್ದನ್ನು ದಡದಲ್ಲಿ ಹೇಳುವೆನು’ ಎನ್ನುವಾಗ ತಾಯಿಯನ್ನೇ ನೋಡುತ್ತಿದ್ದ. ಹೊರಡುವವರಿಗೆ ನಾವು ‘ಹೋಗಿ ಬಾ’ ಎನ್ನುತ್ತೇವಲ್ಲ, ಅವಳು ಹಾಗೆ ಹೇಳಲಿಲ್ಲ.

“ಹೋಗು. ಬಂದು ಹೇಳು,” ಎಂದಳು.

ಅವನ ಹಿಂದೆ ಉಪ್ಪಿನಾಗರದ ಇನ್ನೊಬ್ಬ ಇಳಿದ. ಆಮೇಲೆ ಬಂದರಿನ ಹುಡುಗರು ಇಳಿದರು. ಆ ವರ್ಷ ಹಡಗಿನಲ್ಲಿ ಜಾಗ ಸಾಲದೆ ಕೆಲವರನ್ನು ಹಿಂದಕ್ಕೆ ಕಳಿಸಬೇಕಾಯಿತು. ಪಾರುಪತ್ಯಗಾರ ಮರಳ ಮೇಲೆ ಕುಳಿತು ಅತ್ತ. ಅದು ಸಂತೋಷವೋ ನಾಚಿಕೆಯೋ ಅವನಿಗೇ ತಿಳಿದಿರಲಾರದು.

ಅರಸ ತಾಂಡೇಲನ ಈಟಿಯನ್ನೂ ಪದವಿಯನ್ನೂ ಹಿಂದಕ್ಕೆ ಪಡೆದ. ಕಟ್ಟಳೆ ಅವನ ಕಡೆಗಿದ್ದರೂ ಪಡೆದ. ತಾಂಡೇಲ ಅದನ್ನು ಪ್ರಶ್ನಿಸಲಿಲ್ಲ. ಶಂಖ ಊದುವ ಕೆಲಸವನ್ನಾದರೂ ಕೊಡಿ ಎಂದು ಬೇಡಿಕೊಂಡ. ಬದುಕಿರುವವರೆಗೆ ಅದನ್ನೇ ಮಾಡಿದ. ಅವನು ಊದಿದರೆ ಆಚೆ ದಿಬ್ಬದ ಕಿವುಡನಿಗೂ ಕೇಳಿಸುತ್ತಿತ್ತಂತೆ.

ಅಂದಿನಿಂದ ಆ ಹಡಗಿನಲ್ಲಿ ಒಂದು ಹೊಸ ಪದ್ಧತಿ ಬಂತು. ಶಂಖ ಊದಿದ ಮೇಲೆ ಆಳೊಬ್ಬ ನೆನೆದ ನಾರಿನ ಹಗ್ಗವೊಂದನ್ನು ಮುಂದಿಟ್ಟುಕೊಂಡು ಕತ್ತಿಯಿಂದ ಕಡಿಯಲು ತೊಡಗುತ್ತಾನೆ. ಅದು ಪೂರ್ತಿ ತುಂಡಾಗುವವರೆಗೆ ಯಾರೂ ಈಟಿ ಮುಟ್ಟುವಂತಿಲ್ಲ. ಎದುರು ಬರುವವರು ನಿಜವಾದ ಕಳ್ಳರಾದರೆ ಆ ಹೊತ್ತಿನಲ್ಲಿ ಕಾವಲಿನವರ ಪ್ರಾಣ ಹೋಗಬಹುದು. ಹೋಗಿದ್ದೂ ಉಂಟು. ಆದರೂ ಮರುವರ್ಷದ ಹುಣ್ಣಿಮೆಗೆ ನೀರಿಗಿಳಿಯುವವರು ಕಡಿಮೆಯಾಗಲಿಲ್ಲ. ಅವರಿಗೆಲ್ಲ ನಾನು ಇಲ್ಲಿಂದಲೇ ಕೈ ಮುಗಿಯುತ್ತೇನೆ.

ಗುರುಗಳು ಕತೆ ನಿಲ್ಲಿಸಿದರು. ದಾಮೋದರನ ಕಣ್ಣು ತುಂಬಿತ್ತು. ತನ್ನ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಅವನಿಗೆ ಅನಿಸಿತು. ಅವನು ಎದ್ದು ಜೋಳಿಗೆಯನ್ನು ಹೆಗಲಿಗೇರಿಸಿದ.

“ಗುರುಗಳೇ, ತಿಳಿಯಿತು. ನಾಳೆ ತಮ್ಮ ಬಂದಾಗ ‘ಹೋಗು, ಬಂದು ಹೇಳು’ ಎಂದು ನೀವೇ ನನ್ನ ಪರವಾಗಿ ಹರಸಿಬಿಡಿ. ನಾನು ಭಿಕ್ಷೆಗೆ ಹೊರಡಲೇ?”

ಗುರುಗಳು ಅವನ ಮುಖ ನೋಡಿದರು.

“ಅವನು ಹೇಳಲು ಬಂದ ದಿನ ಯಾವ ಊರಿಗೆ ಭಿಕ್ಷೆಗೆ ಹೋಗುತ್ತೀಯಪ್ಪಾ?” ಎಂದರು.

ದಾಮೋದರ ಜೋಳಿಗೆಯನ್ನು ಹೆಗಲಿನಿಂದ ಇಳಿಸಿ ಕೆಳಗಿಟ್ಟ.