ಅಕ್ಕನನ್ನು ಕರೆದದ್ದು

ಹೊಳೆಯ ದಂಡೆಯ ಆಶ್ರಮದಲ್ಲಿ ಕೊಟ್ರೇಶನೆಂಬ ಶಿಷ್ಯನಿದ್ದ. ಅವನ ಒಡಹುಟ್ಟಿದ ಜೀವವೊಂದು ಮನೆ ಬಿಟ್ಟು ಹೋಗಿ ಹನ್ನೆರಡು ವರ್ಷವಾಗಿತ್ತು. ಕಣ್ಣು ಮುಚ್ಚಿ ಕೂತಾಗಲೆಲ್ಲ ಅವನು ಬೇಡುತ್ತಿದ್ದುದು ಒಂದೇ. ಆ ಮುಖವನ್ನು ಇನ್ನೊಮ್ಮೆ ನೋಡಬೇಕು.

ಒಂದು ಮಧ್ಯಾಹ್ನ ಅವನು ಗುರುಗಳ ಬಳಿಗೆ ಓಡಿ ಬಂದ.

"ಅಣ್ಣ ಬಂದಿದ್ದ ಗುರುಗಳೇ. ಸೀರೆ ಉಟ್ಟಿದ್ದ, ಹೂ ಮುಡಿದಿದ್ದ. ಆದರೂ ನನಗೆ ಗುರುತು ಸಿಕ್ಕಿತು. ಅಣ್ಣಾ ಅಂತ ಕೈ ಹಿಡಿದೆ. ಕೈ ಬಿಡಿಸಿಕೊಂಡು ಹೊರಟುಹೋದ."

"ನಿನ್ನ ಅಣ್ಣ ಯಾರೂ ಬರಲಿಲ್ಲ" ಎಂದರು ಗುರುಗಳು. "ಈಗ ಸ್ವಲ್ಪ ಹೊತ್ತಿನ ಮುಂಚೆ ಒಬ್ಬ ಹೆಣ್ಣುಮಗಳು ಬಂದಿದ್ದಳು. ಹೆಸರು ನೀಲಮ್ಮ ಅಂದಳು. ತಮ್ಮ ಹೇಗಿದ್ದಾನೆ, ಚಳಿಗಾಲದಲ್ಲಿ ಅವನಿಗೆ ಈಗಲೂ ಕೆಮ್ಮು ಬರುತ್ತದಾ ಅಂತ ಕೇಳಿದಳು."

ಕೊಟ್ರೇಶ ತಲೆ ತಗ್ಗಿಸಿದ.

"ಅವನೇ ಗುರುಗಳೇ."

"ಅವಳು."

"ನಾಲಿಗೆ ಹೊರಳುವುದಿಲ್ಲ. ಅಕ್ಕ ಅಂದರೆ ನನ್ನ ಅಣ್ಣ ಸತ್ತೇ ಹೋದ ಹಾಗೆ ಅನ್ನಿಸುತ್ತದೆ."

ಗುರುಗಳು ಕೇಳಿದರು.

"ಚಿಕ್ಕವನಿದ್ದಾಗ ನಿನಗೆ ಜ್ವರ ಬಂದರೆ ಪಕ್ಕದಲ್ಲಿ ಯಾರು ಕೂರುತ್ತಿದ್ದರು?"

"ಅಣ್ಣ."

"ಅಪ್ಪ ಹೊಡೆಯಲು ಬಂದರೆ?"

"ಅಣ್ಣನೇ ಅಡ್ಡ ಬರುತ್ತಿದ್ದ."

"ತಾನು ಯಾರು ಅಂತ ಅವಳಿಗೆ ಆಗಲೂ ಗೊತ್ತಿತ್ತು. ಹೇಳಿಕೊಳ್ಳಲು ಯಾರೂ ಇರಲಿಲ್ಲ, ಅಷ್ಟೇ. ನಿನ್ನನ್ನು ಎತ್ತಿ ಆಡಿಸಿದ್ದು ಅಕ್ಕನೇ ಕಣೋ. ಯಾರೂ ಸತ್ತಿಲ್ಲ."

ಕೊಟ್ರೇಶ ಅಲ್ಲೇ ಕೂತ. ಎರಡು ಸಲ ಬಾಯಿ ತೆರೆದ, ಮುಚ್ಚಿದ. ಕಡೆಗೆ ಕೇಳಿದ.

"ಯಾವ ಕಡೆ ಹೋದಳು?"

ಗುರುಗಳು ಹೊಳೆಯತ್ತ ಕೈ ತೋರಿಸಿದರು.

ಅವನು ದಂಡೆಗೆ ಬರುವಷ್ಟರಲ್ಲಿ ಹರಿಗೋಲು ಆಚೆ ದಡ ಸೇರಿತ್ತು. ನೀಲಮ್ಮ ಇಳಿದು ದಡದ ಏರನ್ನು ಹತ್ತುತ್ತಿದ್ದಳು.

"ಅಕ್ಕಾ" ಎಂದು ಕೂಗಿದ.

ದನಿ ಒಡೆಯಿತು. ಮತ್ತೆ ಕೂಗಲು ಆಗಲಿಲ್ಲ.

ಆಚೆ ದಡದಲ್ಲಿ ಅವಳು ನಿಂತಳು. ತಿರುಗಿದಳು. ಅಷ್ಟು ದೂರದಿಂದ ಮುಖ ಕಾಣಲಿಲ್ಲ. ಸೆರಗನ್ನು ಬಾಯಿಗೆ ಒತ್ತಿ ಹಿಡಿದದ್ದು ಮಾತ್ರ ಕಂಡಿತು. ಬಹಳ ಹೊತ್ತು ಹಾಗೇ ನಿಂತಿದ್ದು, ಆಮೇಲೆ ಏರು ಹತ್ತಿ ಮರೆಯಾದಳು.

ಕೊಟ್ರೇಶ ಆಶ್ರಮಕ್ಕೆ ಮರಳಿದ.

"ಅಕ್ಕ ಅಂತಲೇ ಕರೆದೆ ಗುರುಗಳೇ. ಅವಳಿಗೆ ಕೇಳಿಸಿತು. ನಿಂತಳು. ಆದರೆ ಬರಲಿಲ್ಲ."

ಗುರುಗಳು ಅವನ ತಲೆಯ ಮೇಲೆ ಕೈ ಇಟ್ಟರು.

"ಆ ಒಂದು ಮಾತು ಕೇಳಲು ಅವಳು ಎಷ್ಟು ವರ್ಷ ಕಾದಳೋ. ನೀನು ಒಂದೇ ಸಲ ಕೂಗಿ ಬಂದುಬಿಟ್ಟೆಯಾ?"