ಅನುಮಾನದ ಕೇತ ಮೂರು ಒಗಟು ಬಿಡಿಸಿದ್ದು

"ಕೇಳಿರಪ್ಪೋ ಕೇಳಿ! ಅರಳಿಕೋಟೆ ಅರಸರ ಅಪ್ಪಣೆ! ರಾಜಕುಮಾರಿ ಜಕ್ಕಲದೇವಿಯವರ ಮೂರು ಒಗಟು ಬಿಡಿಸಿದವನಿಗೆ ರಾಜಕುಮಾರಿಯನ್ನು ಧಾರೆಯೆರೆದು ಕೊಟ್ಟು ನ್ಯಾಯಪೀಠದಲ್ಲಿ ಕೂರಿಸಲಾಗುವುದು. ಬಿಡಿಸಲಾರದವನ ತಲೆಯನ್ನು ಬರುವ ಅಮಾವಾಸ್ಯೆಯಂದು ತೆಗೆಯಲಾಗುವುದು!"

ಡಂಗುರದವನು ಬೀದಿ ದಾಟುವಷ್ಟರಲ್ಲಿ ಮಾಚಯ್ಯ ಪೇಟ ಸುತ್ತಿಕೊಂಡು ಹೊರಟೇಬಿಟ್ಟ. ತಮ್ಮ ಕೇತ ಹಿಂದಿನಿಂದ ಓಡಿದ.

"ಅಣ್ಣಾ, ಸ್ವಲ್ಪ ಯೋಚನೆ ಮಾಡು."

"ಯೋಚನೆ ಮಾಡ್ತಾ ಕೂತರೆ ನಿನ್ನ ಹಾಗೆ ಊರ ದನ ಕಾಯಬೇಕಾಗುತ್ತೆ. ನನಗೆ ಗೊತ್ತು ಬಿಡೋ," ಎಂದು ನಕ್ಕು ಮಾಚಯ್ಯ ನಡೆದ. ಮರುದಿನವೇ ಸುದ್ದಿ ಬಂತು. ಮೊದಲ ಒಗಟಿಗೇ ಎಡವಿ ಸೆರೆಮನೆ ಸೇರಿದ್ದ.

ಕೇತ ಕೂಡಲೇ ಹೊರಡಲಿಲ್ಲ. ಅವನನ್ನು ಊರಲ್ಲಿ ಅನುಮಾನದ ಕೇತ ಎಂದೇ ಕರೆಯುತ್ತಿದ್ದರು. ಕೊಟ್ಟಿಗೆಯ ಅಗಣಿ ಹಾಕಿ ಬಂದವನು ಹಾಕಿದೆನೋ ಇಲ್ಲವೋ ಎಂದು ಮತ್ತೆ ಹೋಗಿ ನೋಡುವ ಸ್ವಭಾವ. ಹೋಗಲೋ ಬೇಡವೋ ಎಂದು ತೂಗಾಡುತ್ತಲೇ ಅಮಾವಾಸ್ಯೆಯ ಹಿಂದಿನ ದಿನ ಬಂದುಬಿಟ್ಟಿತು. ಕೊನೆಗೆ ದನಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಹೆಗಲಿಗೆ ಕಂಬಳಿ ಹಾಕಿಕೊಂಡು ಅರಳಿಕೋಟೆಯತ್ತ ಹೆಜ್ಜೆ ಹಾಕಿದ.

ಅರಮನೆಯ ಬಾಗಿಲಲ್ಲಿ ಕಾಯುತ್ತಿದ್ದವರು ಮಾತಾಡಿಕೊಳ್ಳುತ್ತಿದ್ದರು. ಹಿಂದೊಮ್ಮೆ ಅರಸರು ಯಾರದೋ ಚಾಡಿಯನ್ನು ಪೂರ್ತಿ ನಂಬಿ, ನಿಷ್ಠಾವಂತ ಮಂತ್ರಿಯ ತಲೆ ತೆಗೆಸಿದ್ದರಂತೆ. ನಿಜ ಹೊರಬಿದ್ದ ಮೇಲೆ ಅವರಿಗೆ ತಮ್ಮ ಮನಸ್ಸಿನ ಮೇಲೆಯೇ ನಂಬಿಕೆ ಹೋಯಿತು. ಈಗ ಯಾವ ವ್ಯಾಜ್ಯವೂ ತೀರುವುದಿಲ್ಲ. ಕಳ್ಳನೂ ಕಳ್ಳತನವಾದವನೂ ಒಂದೇ ಜಗಲಿಯಲ್ಲಿ ಕಾಯುತ್ತ ಮುದುಕರಾಗುತ್ತಿದ್ದಾರೆ. ಅದಕ್ಕೇ ಮಗಳು ಈ ಪರೀಕ್ಷೆ ಹೂಡಿದ್ದು.

ಸಭೆಯಲ್ಲಿ ಕೇತನಿಗಿಂತ ಮುಂದೆ ದಂಡನಾಯಕನ ಮಗ ಸಿಂಗರಸ ನಿಂತಿದ್ದ. ರಾಜಕುಮಾರಿ ಕೇಳಿದಳು: "ಅದನ್ನು ಹೊತ್ತವನಿಗೆ ಅದು ಹೂವಿನಷ್ಟು ಹಗುರ. ಅದು ಜೊತೆಗಿದ್ದರೆ ಕಣ್ಣಿದ್ದೂ ಕಾಣುವುದಿಲ್ಲ, ಕಿವಿಯಿದ್ದೂ ಕೇಳುವುದಿಲ್ಲ, ಕಾಲು ಮಾತ್ರ ನಿಲ್ಲುವುದಿಲ್ಲ. ಏನದು?"

"ಶೌರ್ಯ!" ಎಂದ ಸಿಂಗರಸ, ಪ್ರಶ್ನೆ ಮುಗಿದದ್ದೇ ತಡ. ಕಾವಲಿನವರು ಅವನ ತೋಳು ಹಿಡಿದು ಎಳೆದೊಯ್ದರು. ಮುಂದೆ ಬಂದ ವರ್ತಕನೊಬ್ಬ ಗಡ್ಡ ನೀವಿಕೊಂಡು, "ಹೆಂಡದ ಅಮಲು," ಎಂದ. "ಹತ್ತಿರ ಬಂದಿರಿ, ಮುಟ್ಟಲಿಲ್ಲ," ಎಂದಳು ರಾಜಕುಮಾರಿ. ಅವನೂ ಹೋದ.

ಕೇತನ ಸರದಿ. ಕಣ್ಣು ಮುಚ್ಚಿದರೆ ಅಣ್ಣನೇ ಕಂಡ. ಕಳೆದ ಮಳೆಗಾಲದಲ್ಲಿ, ದಡದ ಜನವೆಲ್ಲ ಬೇಡವೆಂದು ಕೂಗುತ್ತಿದ್ದರೂ ತುಂಬಿದ ಹಳ್ಳಕ್ಕೆ ಗಾಡಿ ಇಳಿಸಿದ್ದ ಅಣ್ಣ. ಎತ್ತು ಕೊಚ್ಚಿಕೊಂಡು ಹೋಗುವವರೆಗೂ ಅವನ ಬಾಯಲ್ಲಿ ಒಂದೇ ಮಾತು.

"ಅಮ್ಮಣ್ಣೀ, ಅದು 'ನನಗೆ ಗೊತ್ತು' ಅನ್ನೋ ಖಾತ್ರಿ."

ಸಿಂಹಾಸನದ ಮೇಲೆ ಮುದಿ ಅರಸ ತಲೆ ತಗ್ಗಿಸಿದ. ರಾಜಕುಮಾರಿ ನೆಟ್ಟಗೆ ಕೂತಳು.

"ಎರಡನೆಯದು. ಕರೆಯದೆ ಬರುವ ನೆಂಟ. ಒಂದು ಗಳಿಗೆ ಕೂರಿಸಿ ಮಾತಾಡಿಸಿದರೆ ಮನೆ ಉಳಿಸುತ್ತಾನೆ. ಉಳಿದುಬಿಡು ಎಂದರೆ ಒಲೆ ಹಚ್ಚಲೂ ಬಿಡುವುದಿಲ್ಲ. ಯಾರವನು?"

ಕೇತನಿಗೆ ಆ ಭಯದಲ್ಲೂ ನಗು ಬಂತು. "ಅವನ ವಾಸ ನಮ್ಮ ಮನೆಯಲ್ಲೇ, ಅಮ್ಮಣ್ಣೀ. ಅವನೇ ಅನುಮಾನ. ಒಮ್ಮೆ ಕಾಡಿನಿಂದ ತಂದ ಅಣಬೆ ಯಾಕೋ ಸರಿಯಿಲ್ಲ ಅನ್ನಿಸಿ ಚೆಲ್ಲಿಸಿದೆ. ಅದನ್ನು ತಿಂದ ನಾಯಿ ಸತ್ತಿತು, ನಾವು ಬದುಕಿದೆವು. ಇನ್ನೊಮ್ಮೆ ಇದು ನಿಜವಾದ ಮಳೆಯೋ ಅಲ್ಲವೋ ಅಂತ ಅನುಮಾನಪಡುತ್ತಲೇ ಬಿತ್ತನೆಯ ಹದ ಕಳೆದುಕೊಂಡೆ. ಆ ವರ್ಷ ನಮ್ಮ ತುಂಡು ಹೊಲ ಬೀಳುಬಿತ್ತು."

ಸಭೆಯಲ್ಲಿ ಗುಜುಗುಜು ಎದ್ದಿತು. ಅಲ್ಲಿಯ ತನಕ ಯಾರೂ ಮೂರನೆಯ ಒಗಟನ್ನು ಕೇಳಿಯೇ ಇರಲಿಲ್ಲ.

"ಮಬ್ಬುಗತ್ತಲೆ. ಮುಂದೆ ಎರಡು ದಾರಿ. ಯಾವುದು ಊರಿಗೆ ಹೋಗುತ್ತದೋ ಹೇಳುವವರಿಲ್ಲ. ನಿಂತಲ್ಲೇ ನಿಂತರೆ ಹುಲಿ ಬರುತ್ತದೆ. ಯಾವ ದಾರಿ ಹಿಡಿಯುತ್ತೀ?"

ಅಣ್ಣನಾಗಿದ್ದರೆ ಬಲಗಡೆ ಅನ್ನುತ್ತಿದ್ದ. ತಾನಾಗಿದ್ದರೆ ಹುಲಿಯ ಬಾಯಿಗೆ ಬೀಳುವ ತನಕ ನಿಂತೇ ಇರುತ್ತಿದ್ದ. ಕೇತ ಹೆಗಲ ಕಂಬಳಿ ಸರಿಪಡಿಸಿಕೊಂಡು ಒಂದು ಹೆಜ್ಜೆ ಮುಂದೆ ಬಂದ.

"ತಪ್ಪಿದರೆ ವಾಪಸು ಬರುವುದಕ್ಕೆ ಆಗುವ ದಾರಿ. ಒಂದರ ಕೊನೆಗೆ ಪ್ರಪಾತವಿದ್ದು, ಇನ್ನೊಂದು ಸುತ್ತುಬಳಸಿನದಾದರೆ, ನಾನು ಸುತ್ತುಬಳಸಿನದನ್ನೇ ಹಿಡಿಯುತ್ತೇನೆ."

"ನಿನಗೆ ಖಾತ್ರಿಯೇ?"

"ಇಲ್ಲ. ಆದರೆ ಬಾಯಿ ಮುಚ್ಚಿಕೊಂಡು ನಿಂತರೆ ನಾಳೆ ನಿಮ್ಮ ಸೆರೆಯಲ್ಲಿರುವ ನನ್ನ ಅಣ್ಣ ಸಾಯುವುದು ಖಂಡಿತ. ಹೇಳಿ ಗೆದ್ದರೆ ನಿಮ್ಮಲ್ಲಿ ಅವನ ಪ್ರಾಣ ಬೇಡಬಹುದು, ಉಳಿದರೂ ಉಳಿದಾನು. ಅಷ್ಟು ಸಾಕು ಅಂತ ಹೇಳಿದೆ."

ರಾಜಕುಮಾರಿ ಎದ್ದು ನಿಂತಳು. "ಸರಿಯಾದ ಉತ್ತರ! ಎಲ್ಲ ತಿಳಿದ ಮೇಲೆ ನಡೆಯುತ್ತೇನೆಂದರೆ ಯಾರೂ ನಡೆಯಲಾರರು. ತಿಳಿದೇ ಇದೆ ಎಂದು ನಡೆದವರು ಬೀಳುತ್ತಾರೆ. ತಿದ್ದಿಕೊಳ್ಳಲು ಎಡೆಯಿಟ್ಟು ನಡೆಯುವವನೇ ನಮಗೆ ಬೇಕಾಗಿದ್ದವನು."

"ಹಾಗಿದ್ದರೆ ಅಮ್ಮಣ್ಣೀ," ಎಂದ ಕೇತ, "ನಿಮ್ಮ ಅಪ್ಪಣೆಯೇ ತಪ್ಪಾಯಿತಲ್ಲ. ಕಡಿದ ತಲೆಗೆ ವಾಪಸು ಬರುವ ದಾರಿ ಎಲ್ಲಿದೆ?"

ರಾಜಕುಮಾರಿಯ ಮುಖ ಕೆಂಪಾಯಿತು, ಆಮೇಲೆ ಬಿಳಿಚಿತು. ತಂದೆಯ ತಪ್ಪು ತಿದ್ದಲು ಹೊರಟು ತಾನೂ ಅದೇ ಪ್ರಪಾತದ ಅಂಚಿಗೆ ಬಂದಿದ್ದೇನೆಂದು ಅವಳಿಗೆ ಆಗ ಹೊಳೆಯಿತು. ಅವಳು ಏನಾದರೂ ಹೇಳುವ ಮೊದಲೇ ಮುದಿ ಅರಸ ಸಿಂಹಾಸನದಿಂದ ಎದ್ದ. ಎಷ್ಟೋ ವರ್ಷಗಳ ಮೇಲೆ ಅವನ ಬಾಯಿಂದ ಒಂದು ತೀರ್ಪು ಬಂತು.

"ಸೆರೆಮನೆಯ ಬಾಗಿಲು ತೆಗೆಯಿರಿ. ಎಲ್ಲರನ್ನೂ ಮನೆಗೆ ಕಳಿಸಿ."

ಹೊರಗೆ ಬಂದ ಮಾಚಯ್ಯ ತಮ್ಮನನ್ನು ಅಪ್ಪಿಕೊಂಡು, "ನೀನು ಬಂದೇ ಬರ್ತೀಯ ಅಂತ ನನಗೆ ಗೊತ್ತಿತ್ತು ಕಣೋ," ಎಂದು ಅತ್ತ. ಕೇತನೂ ಅತ್ತ.

ಸುಗ್ಗಿ ಮುಗಿದ ಮೇಲೆ, ಇಬ್ಬರೂ ಒಬ್ಬರನ್ನೊಬ್ಬರು ಚೆನ್ನಾಗಿ ಅರಿತುಕೊಂಡ ಬಳಿಕ, ಜಕ್ಕಲದೇವಿಗೂ ಕೇತನಿಗೂ ಮದುವೆಯಾಯಿತು. ನ್ಯಾಯಪೀಠದಲ್ಲಿ ಕೂತ ಕೇತ ಎರಡೂ ಕಡೆಯವರ ಮಾತು ಕೇಳುತ್ತಿದ್ದ, ಕೇಳಿದ್ದನ್ನು ಇನ್ನೊಮ್ಮೆ ಕೇಳುತ್ತಿದ್ದ. ಆದರೆ ಹೊತ್ತು ಮುಳುಗುವುದರೊಳಗೆ ತೀರ್ಪು ಕೊಡುತ್ತಿದ್ದ. ಯಾರ ತಲೆಯನ್ನೂ ತೆಗೆಸಲಿಲ್ಲ. ಅವನ ತೀರ್ಪೂ ಕೆಲವೊಮ್ಮೆ ತಪ್ಪಾಗುತ್ತಿತ್ತು. ಆಗ ಯಾರನ್ನೂ ಕಳಿಸದೆ ತಾನೇ ನಡೆದುಹೋಗಿ, ನೊಂದವನ ಮನೆಯ ಹೊಸ್ತಿಲಲ್ಲಿ ನಿಂತು, "ನನ್ನಿಂದ ತಪ್ಪಾಯಿತು, ಸರಿಮಾಡೋಣ ಬಾ," ಎಂದು ಕರೆಯುತ್ತಿದ್ದ.